ಹೊಸ ಹುಡುಕಾಟದ ಮೇಲೆ ಹಳೆಯ ಉತ್ತರ ಬಂದು ಕೂರುವುದೇಕೆ?

ಪ್ರಶ್ನೆ: ವೆಬ್ ಪುಟದ ಪರದೆ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ ರಿಯಾಕ್ಟ್ 18ರಲ್ಲಿ ಹುಡುಕಾಟದ ಕಾಂಪೊನೆಂಟ್ (ಪುಟದ ಒಂದು ತುಂಡು) ಒಂದನ್ನು ಬರೆದಿದ್ದೇನೆ. ಬಳಕೆದಾರರು ಟೈಪ್ ಮಾಡುತ್ತಿದ್ದಂತೆ ಸರ್ವರ್‌ನಿಂದ ಫಲಿತಾಂಶ ತರಿಸಿ ತೋರಿಸಬೇಕು. ಪ್ರತಿ ಫಲಿತಾಂಶದ ಪಕ್ಕ ‘ಉಳಿಸು’ ಬಟನ್ ಇದೆ, ಮೇಲ್ಗಡೆ ಒಟ್ಟು ಎಷ್ಟು ಉಳಿಸಿದ್ದಾರೆಂಬ ಲೆಕ್ಕ ಇದೆ. ಮೂರು ಕಡೆ ಸಿಕ್ಕಿಬಿದ್ದಿದ್ದೇನೆ. ಹುಡುಕುವ ಪದವನ್ನು ಬದಲಿಸುವ ಸೆಟ್ಟರ್ ಫಂಕ್ಷನ್ ಸೆಟ್‌ಕ್ವೆರಿ ಕರೆದ ಮುಂದಿನ ಸಾಲಿನಲ್ಲೇ ಕನ್ಸೋಲ್‌ಗೆ ಬರೆಸಿದರೆ ಹಿಂದಿನ ಪದವೇ ಕಾಣುತ್ತದೆ. ಬೇಗ ಬೇಗ ಮೂರು ಕಡೆ ‘ಉಳಿಸು’ ಒತ್ತಿದರೆ ಲೆಕ್ಕ ಒಂದೇ ಏರುತ್ತದೆ. ಎಲ್ಲಕ್ಕಿಂತ ಕಾಡುವುದು, ಒಮ್ಮೊಮ್ಮೆ ಬಾಕ್ಸಿನಲ್ಲಿ ಒಂದು ಪದ, ಕೆಳಗೆ ಬೇರೆ ಪದದ ಫಲಿತಾಂಶ. ಸ್ವಲ್ಪ ಹೊತ್ತು ಕಾದು ಓಡಿಸುವ ಸೆಟ್‌ಟೈಮ್‌ಔಟ್ ಹಾಕಿದರೆ ಕೆಲವು ಸಲ ಸರಿಹೋಗುತ್ತದೆ. ಸೆಟ್ಟರ್‌ಗೇ ಅವೇಟ್ (ಕೆಲಸ ಮುಗಿಯುವವರೆಗೆ ಕಾಯಿಸುವ ಪದ) ಹಾಕಲು ಬರುತ್ತದೆಯೇ?

ಉತ್ತರ: ಮೊದಲು ಆ ಸೆಟ್‌ಟೈಮ್‌ಔಟ್‌ಗಳನ್ನೆಲ್ಲ ಕಿತ್ತುಹಾಕಿ. ನಿಮ್ಮ ಮೂರು ತೊಂದರೆಗಳಲ್ಲಿ ಕಾದರೆ ಹೋಗುವಂಥದ್ದು ಒಂದೂ ಇಲ್ಲ. ಮೊದಲೆರಡು ಹುಟ್ಟುವುದು ಹ್ಯಾಂಡ್ಲರ್ (ಒತ್ತಿದಾಗ, ಟೈಪ್ ಮಾಡಿದಾಗ ಓಡುವ ಫಂಕ್ಷನ್) ಯಾವ ರೆಂಡರ್‌ನ (ಪರದೆ ರಚಿಸಲು ಕಾಂಪೊನೆಂಟನ್ನು ಓಡಿಸುವ ಒಂದು ಸರದಿಯ) ಮೌಲ್ಯವನ್ನು ಹಿಡಿದುಕೊಂಡಿದೆ ಎಂಬುದರಿಂದ. ಮೂರನೆಯದು ಹುಟ್ಟುವುದು ಸರ್ವರ್‌ನ ಉತ್ತರಗಳು ಕೇಳಿದ ಸರದಿಯಲ್ಲೇ ಬರುತ್ತವೆ ಎಂಬ ನಂಬಿಕೆಯಿಂದ. ಇವು ಎರಡು ಬೇರೆ ರೋಗ, ಮದ್ದೂ ಬೇರೆ. ಬೆರೆಸಿ ನೋಡಿದರೆ ಎರಡೂ ವಾಸಿಯಾಗುವುದಿಲ್ಲ.

ಕನ್ಸೋಲ್‌ನ ವಿಷಯದಿಂದ ಶುರುಮಾಡೋಣ. ಕಾಂಪೊನೆಂಟ್ ನೆನಪಿಡಬೇಕಾದ ಮೌಲ್ಯವನ್ನು, ಅಂದರೆ ಸ್ಟೇಟನ್ನು, ಇಟ್ಟುಕೊಳ್ಳುವ ಯೂಸ್‌ಸ್ಟೇಟ್ ಕೊಡುವ ‘ಕ್ವೆರಿ’ ಎಂಬುದು ಆ ರೆಂಡರ್‌ನಲ್ಲಿ ಕಾಂಪೊನೆಂಟ್ ಫಂಕ್ಷನ್ ಓಡಿದಾಗ ಹುಟ್ಟಿದ ಒಂದು ಕಾನ್ಸ್ಟ್. ಆ ಓಟದ ಮಟ್ಟಿಗೆ ಅದರ ಮೌಲ್ಯ ಖಾಯಂ. ಸೆಟ್‌ಕ್ವೆರಿ ಅದನ್ನು ಮುಟ್ಟುವುದಿಲ್ಲ, ಮುಂದಿನ ರೆಂಡರ್‌ಗೆ ಇಂಥ ಮೌಲ್ಯ ಬೇಕು ಎಂದು ಸಾಲಿನಲ್ಲಿ ಒಂದು ಚೀಟಿ ಇಡುತ್ತದೆ, ಅಷ್ಟೇ. ಹ್ಯಾಂಡ್ಲರ್ ಹಳೆಯ ರೆಂಡರ್‌ನಲ್ಲಿ ಹುಟ್ಟಿದ್ದು, ಹಾಗಾಗಿ ಅದರ ಕಣ್ಣಿಗೆ ಹಳೆಯ ಕ್ವೆರಿಯೇ ಬೀಳುತ್ತದೆ. ಈಗ ನಿಮ್ಮ ಅವೇಟ್ ಪ್ರಶ್ನೆ. ಹಾಕಲು ಬರುತ್ತದೆ, ಪ್ರಯೋಜನವಿಲ್ಲ. ಸೆಟ್ಟರ್ ಹಿಂದಿರುಗಿಸುವುದು ಪ್ರಾಮಿಸ್ (ಮುಂದೆ ಸಿಗುವ ಫಲದ ಭರವಸೆ) ಅಲ್ಲ, ಅನ್‌ಡಿಫೈನ್ಡ್ (ಏನೂ ಇಲ್ಲ). ಅದಕ್ಕೆ ಅವೇಟ್ ಹಾಕಿದರೆ ಮುಂದಿನ ಸಾಲು ಒಂದು ಮೈಕ್ರೊಟಾಸ್ಕ್ (ಈಗಿನ ಕೋಡ್ ಮುಗಿದ ಕೂಡಲೇ ಓಡುವ ಕೆಲಸ) ತಡವಾಗಿ ಓಡುತ್ತದೆ. ಅಷ್ಟರೊಳಗೆ ರಿಯಾಕ್ಟ್ ಹೊಸ ರೆಂಡರ್ ಮುಗಿಸಿದ್ದರೂ ನಿಮ್ಮ ಹ್ಯಾಂಡ್ಲರ್ ಕೈಯಲ್ಲಿರುವುದು ಹಳೆಯ ವೇರಿಯಬಲ್ಲೇ. ಒಂದು ನಿಮಿಷದ ಸೆಟ್‌ಟೈಮ್‌ಔಟ್ ಕೊಟ್ಟು ನೋಡಿ, ಆಗಲೂ ಹಳೆಯ ಪದವನ್ನೇ ಬರೆಯುತ್ತದೆ.

ಹಾಗಾದರೆ ‘ಕೆಲವು ಸಲ ಸರಿಹೋಗುವುದು’ ಹೇಗೆ? ಸೆಟ್‌ಟೈಮ್‌ಔಟ್‌ನ ಒಳಗೆ ನೀವು ಓದುತ್ತಿರುವುದು ಸ್ಟೇಟ್ ಆಗಿರದೆ ಡಾಮ್ (ಪುಟದ ಅಂಶಗಳನ್ನು ಬ್ರೌಸರ್ ಇಟ್ಟುಕೊಂಡಿರುವ ರಚನೆ) ಆಗಿದ್ದರೆ, ಉದಾಹರಣೆಗೆ ಪಟ್ಟಿಯ ಎತ್ತರ ಅಳೆಯುವುದೋ ಹೊಸ ಸಾಲಿಗೆ ಸ್ಕ್ರೋಲ್ ಮಾಡುವುದೋ, ಆ ಹೊತ್ತಿಗೆ ಡಾಮ್ ಬದಲಾಗಿರುವ ಸಾಧ್ಯತೆ ಹೆಚ್ಚು. ಅದೃಷ್ಟದ ಮೇಲೆ ನಿಂತ ಕೋಡ್ ಅದು. ಡಾಮ್ ಅಳೆಯಬೇಕಿದ್ದರೆ ಯೂಸ್‌ಲೇಔಟ್‌ಎಫೆಕ್ಟ್ ಇದೆ: ಡಾಮ್ ಬದಲಾದ ಮೇಲೆ, ಪರದೆಗೆ ಬಣ್ಣ ಬೀಳುವ ಮೊದಲು ಅದು ಓಡುತ್ತದೆ. ಹ್ಯಾಂಡ್ಲರ್‌ನಲ್ಲೇ ತಕ್ಷಣ ಬೇಕೇ ಬೇಕೆಂದರೆ ರಿಯಾಕ್ಟ್‌ಡಾಮ್‌ನ ಫ್ಲಶ್‌ಸಿಂಕ್. ಆದರೆ ಫ್ಲಶ್‌ಸಿಂಕ್ ಕೂಡ ಡಾಮನ್ನಷ್ಟೇ ಹೊಸದು ಮಾಡುತ್ತದೆ, ನಿಮ್ಮ ಹಳೆಯ ಕಾನ್ಸ್ಟನ್ನಲ್ಲ. ಮತ್ತೆ ಮತ್ತೆ ಕರೆದರೆ, ಹಲವು ಬದಲಾವಣೆಗಳನ್ನು ಒಟ್ಟುಗೂಡಿಸಿ ಒಂದೇ ಸಲ ರೆಂಡರ್ ಮಾಡುವ ಬ್ಯಾಚಿಂಗ್‌ನ ಲಾಭವೆಲ್ಲ ಹೋಗುತ್ತದೆ.

ನಿಮ್ಮ ಸಂದರ್ಭಕ್ಕೆ ಇದ್ಯಾವುದೂ ಬೇಡ. ಹೊಸ ಮೌಲ್ಯ ನಿಮ್ಮ ಕೈಯಲ್ಲೇ ಇದೆಯಲ್ಲ! ಇನ್‌ಪುಟ್‌ನ ಮೌಲ್ಯವನ್ನು ‘ಹೊಸಪದ’ ಎಂಬ ವೇರಿಯಬಲ್‌ಗೆ ಹಾಕಿಕೊಂಡು, ಅದನ್ನೇ ಸೆಟ್‌ಕ್ವೆರಿಗೂ ಕೊಡಿ, ಲಾಗ್‌ಗೂ ಕೊಡಿ, ಮುಂದಿನ ಫಂಕ್ಷನ್‌ಗೂ ಕೊಡಿ. ಈಗಷ್ಟೇ ಇಟ್ಟ ಮೌಲ್ಯವನ್ನು ಸ್ಟೇಟ್‌ನಿಂದ ವಾಪಸ್ ಓದುವ ಅಗತ್ಯವೇ ಇಲ್ಲ. ಕ್ಲಾಸ್ ಕಾಂಪೊನೆಂಟ್‌ಗಳಿಂದ ಬಂದವರು ಇಲ್ಲಿ ಎಡವುವುದಕ್ಕೆ ಕಾರಣವಿದೆ. ಅಲ್ಲಿ ದಿಸ್.ಸ್ಟೇಟ್ ಬದಲಾಗುವ ಆಬ್ಜೆಕ್ಟ್ ಮೂಲಕ ಓದುವಂಥದ್ದು, ಆದ್ದರಿಂದ ಅವೇಟ್ ಆದಮೇಲೆ ಓದಿದರೆ ಹೊಸದು ಸಿಗುತ್ತಿತ್ತು. ಸೆಟ್‌ಸ್ಟೇಟ್‌ಗೆ ಎರಡನೆಯ ಆರ್ಗ್ಯುಮೆಂಟ್ ಆಗಿ ಕಾಲ್‌ಬ್ಯಾಕ್ ಕೊಡುವ ಸೌಲಭ್ಯವೂ ಇತ್ತು. 2019ರಲ್ಲಿ 16.8ರ ಜೊತೆ ಬಂದ ಹುಕ್ಸ್‌ನಲ್ಲಿ (ಯೂಸ್‌ಸ್ಟೇಟ್‌ನಂಥವುಗಳಲ್ಲಿ) ಆ ಎರಡನೆಯ ಕಾಲ್‌ಬ್ಯಾಕ್ ಇಲ್ಲ. ಕೊಟ್ಟರೆ ರಿಯಾಕ್ಟ್ ಕನ್ಸೋಲ್‌ನಲ್ಲಿ ಗದರುತ್ತದೆ, ಕಾಲ್‌ಬ್ಯಾಕನ್ನು ಓಡಿಸುವುದಿಲ್ಲ.

ಈಗ ‘ಉಳಿಸು’ ಲೆಕ್ಕ. ನಿಮ್ಮ ಹ್ಯಾಂಡ್ಲರ್ ಬಹುಶಃ ಹೀಗಿದೆ: ಮೊದಲು ಸರ್ವರ್‌ಗೆ ಕಳಿಸಿ ಅವೇಟ್, ಅದರ ಕೆಳಗೆ ‘ಸೆಟ್‌ಕೌಂಟ್(ಕೌಂಟ್ + 1)’. ಮೊದಲ ಉತ್ತರ ಬರುವ ಮುನ್ನವೇ ಮೂರು ಬಟನ್ ಒತ್ತಿದರೆ ಮೂರೂ ಹ್ಯಾಂಡ್ಲರ್‌ಗಳ ಕೈಯಲ್ಲಿ ಕೌಂಟ್ ಸೊನ್ನೆ. ಮೂವರೂ ಬಂದು ‘ಒಂದು ಮಾಡು’ ಎನ್ನುತ್ತಾರೆ, ಒಂದೇ ಆಗುತ್ತದೆ. ಆ ಸಾಲು ಅವೇಟ್‌ನ ಮೇಲಿದ್ದಿದ್ದರೆ ಪ್ರತಿ ಕ್ಲಿಕ್‌ನ ನಡುವೆ ರೆಂಡರ್ ಆಗಿ ಲೆಕ್ಕ ಸರಿಯಾಗಿಯೇ ಇರುತ್ತಿತ್ತು. ಇದೇ ಕಾರಣಕ್ಕೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ, ಸರ್ವರ್ ಅದೇ ಯಂತ್ರದಲ್ಲಿ ಇರುವಾಗ, ಈ ದೋಷ ಕಾಣಿಸಿಕೊಳ್ಳುವುದಿಲ್ಲ. ನೆಟ್‌ವರ್ಕ್ ನಿಧಾನವಿದ್ದ ಬಳಕೆದಾರರಿಗೆ ಮಾತ್ರ ಕಾಣುತ್ತದೆ.

ಸರಿಪಡಿಸಲು ‘ಸೆಟ್‌ಕೌಂಟ್(ಹಿಂದಿನದು => ಹಿಂದಿನದು + 1)’ ಎಂದು ಫಂಕ್ಷನ್ ಕೊಡಿ. ಆಗ ರಿಯಾಕ್ಟ್ ಸಾಲಿನಲ್ಲಿರುವ ಚೀಟಿಗಳನ್ನು ಒಂದಾದ ಮೇಲೊಂದು ಓಡಿಸಿ, ಪ್ರತಿಯೊಂದಕ್ಕೂ ಅದರ ಹಿಂದಿನದರ ಫಲವನ್ನು ಕೊಡುತ್ತದೆ. ಆ ಫಂಕ್ಷನ್ ಒಳಗೆ ಫೆಚ್ (ಸರ್ವರ್‌ನಿಂದ ತರಿಸುವ ಕರೆ) ಮಾಡುವುದು, ಲೋಕಲ್ ಸ್ಟೋರೇಜ್‌ಗೆ ಬರೆಯುವುದು ಬೇಡ, ಏಕೆಂದರೆ ಡೆವಲಪ್‌ಮೆಂಟ್‌ನಲ್ಲಿ ದೋಷ ಬಯಲಿಗೆಳೆಯಲು ಇರುವ ಸ್ಟ್ರಿಕ್ಟ್‌ಮೋಡ್ ಅದನ್ನು ಬೇಕೆಂದೇ ಎರಡು ಸಲ ಕರೆಯುತ್ತದೆ. ಅರೇ ಅಥವಾ ಆಬ್ಜೆಕ್ಟ್ ಆಗಿದ್ದರೆ ಹೊಸ ಪ್ರತಿ ಮಾಡಿಯೇ ಹಿಂದಿರುಗಿಸಿ. ಹಳೆಯದಕ್ಕೇ ಪುಶ್ ಮಾಡಿ ಅದನ್ನೇ ಕೊಟ್ಟರೆ ಆಬ್ಜೆಕ್ಟ್.ಈಸ್ ಹೋಲಿಕೆಯಲ್ಲಿ ಎರಡೂ ಒಂದೇ ಎಂದಾಗಿ ರೆಂಡರ್ ತಪ್ಪುತ್ತದೆ.

ನನ್ನನ್ನು ಕೇಳಿದರೆ ಕೌಂಟ್ ಎಂಬ ಸ್ಟೇಟೇ ಬೇಡ. ಉಳಿಸಿದ ಐಡಿಗಳ ಒಂದು ಸೆಟ್ ಇಟ್ಟುಕೊಳ್ಳಿ, ಅದರ ಗಾತ್ರವೇ ಲೆಕ್ಕ. ಯಾವ ಬಟನ್ ‘ಉಳಿಸಿದೆ’ ಎಂದು ತೋರಿಸಬೇಕೆನ್ನುವುದೂ ಅದರಿಂದಲೇ ಗೊತ್ತಾಗುತ್ತದೆ. ಒಂದೇ ಐಡಿ ಎರಡು ಸಲ ಸೇರಿದರೂ ಲೆಕ್ಕ ಕೆಡುವುದಿಲ್ಲ.

ಇಲ್ಲೊಂದು ಆವೃತ್ತಿಯ ವಿಷಯ. ರಿಯಾಕ್ಟ್ 17ರವರೆಗೆ ಬ್ಯಾಚಿಂಗ್ ಇದ್ದದ್ದು ಮುಖ್ಯವಾಗಿ ರಿಯಾಕ್ಟ್‌ನ ಈವೆಂಟ್ ಹ್ಯಾಂಡ್ಲರ್‌ಗಳೊಳಗೆ. ಪ್ರಾಮಿಸ್ ಅಥವಾ ಟೈಮರ್ ಒಳಗೆ ಮೂರು ಸೆಟ್ಟರ್ ಕರೆದರೆ ಮೂರು ರೆಂಡರ್ ಆಗುತ್ತಿತ್ತು. 2022ರ ಮಾರ್ಚ್‌ನಲ್ಲಿ ಬಂದ 18 ಎಲ್ಲ ಕಡೆಯೂ ಬ್ಯಾಚ್ ಮಾಡುತ್ತದೆ, ಆದರೆ ಆಪ್ ಶುರುಮಾಡಲು ಕ್ರಿಯೇಟ್‌ರೂಟ್ ಬಳಸಿದರೆ ಮಾತ್ರ. ಪ್ಯಾಕೇಜ್ 18ಕ್ಕೆ ಏರಿಸಿ, ಹಳೆಯ ರೆಂಡರ್ ಕರೆಯನ್ನೇ ಉಳಿಸಿಕೊಂಡಿದ್ದರೆ ನಡವಳಿಕೆ 17ರದ್ದೇ. ಇನ್ನೊಂದು, ಅವೇಟ್‌ನ ಮೇಲಿನ ಸೆಟ್ಟರ್‌ಗಳು ಒಂದು ಬ್ಯಾಚ್, ಕೆಳಗಿನವು ಬೇರೆ ಬ್ಯಾಚ್. ಯಾವ ಆವೃತ್ತಿಯೂ ಇವೆರಡನ್ನು ಸೇರಿಸುವುದಿಲ್ಲ.

ಈಗ ನಿಜವಾದ ತಲೆನೋವಿಗೆ ಬರೋಣ.

ಬಳಕೆದಾರರು 0ನೇ ಮಿಲಿಸೆಕೆಂಡಿನಲ್ಲಿ ‘ಕ’ ಒತ್ತಿ ಕೊಂಚ ತಡೆದರು, 400ರಲ್ಲಿ ‘ಮ’, 500ರಲ್ಲಿ ‘ಲ’ ಒತ್ತಿದರು ಎನ್ನಿ. ಡಿಬೌನ್ಸ್, ಅಂದರೆ ಟೈಪ್ ಮಾಡುವುದು ನಿಂತ ಮೇಲೆ ವಿನಂತಿ ಕಳಿಸಲು ಕಾಯುವ ಹೊತ್ತು, 300 ಮಿಲಿಸೆಕೆಂಡು ಎನ್ನಿ. ‘ಕ’ದ ವಿನಂತಿ 300ಕ್ಕೆ ಹೊರಡುತ್ತದೆ. ಒಂದೇ ಅಕ್ಷರಕ್ಕೆ ಸಿಗುವ ಫಲಿತಾಂಶ ರಾಶಿ ರಾಶಿ, ಸರ್ವರ್ 900 ಮಿಲಿಸೆಕೆಂಡು ತೆಗೆದುಕೊಂಡಿತು, ಉತ್ತರ 1200ಕ್ಕೆ ಬಂತು. ‘ಕಮಲ’ದ ವಿನಂತಿ 800ಕ್ಕೆ ಹೊರಟು 200ರಲ್ಲಿ ಮುಗಿಯಿತು, ಉತ್ತರ 1000ಕ್ಕೇ ಬಂತು. ಪರದೆಯಲ್ಲಿ ಸರಿಯಾದ ಪಟ್ಟಿ ಇದ್ದದ್ದು 200 ಮಿಲಿಸೆಕೆಂಡು. ಆಮೇಲೆ ‘ಕ’ದ ಪಟ್ಟಿ ಬಂದು ಅದರ ಮೇಲೆ ಕೂತಿತು, ಮುಂದೆ ಯಾರೂ ಅದನ್ನು ಎಬ್ಬಿಸುವುದಿಲ್ಲ. ಡಿಬೌನ್ಸ್ ಇದ್ದರೂ ಹೀಗಾಯಿತು ಎಂಬುದನ್ನು ಗಮನಿಸಿ. ಡಿಬೌನ್ಸ್ ವಿನಂತಿಗಳ ಸಂಖ್ಯೆ ಇಳಿಸುತ್ತದೆ, ಅದಕ್ಕಾಗಿ ಇರಲಿ. ಹೊರಟ ವಿನಂತಿಗಳು ಯಾವ ಸರದಿಯಲ್ಲಿ ಮರಳಬೇಕೆಂಬುದು ಅದರ ಕೈಯಲ್ಲಿಲ್ಲ. ಅದನ್ನು 500ಕ್ಕೆ, 800ಕ್ಕೆ ಏರಿಸುತ್ತ ಹೋದರೆ ದೋಷ ಅಪರೂಪವಾಗುತ್ತದೆ, ಹುಡುಕುವುದು ಇನ್ನೂ ಕಷ್ಟವಾಗುತ್ತದೆ.

ಬೇಕಿರುವುದು ಒಂದೇ: ಬಂದ ಉತ್ತರ ಈಗಲೂ ಬೇಕಾದ ಪ್ರಶ್ನೆಯದ್ದೇ ಎಂದು ಸ್ಟೇಟ್‌ಗೆ ಬರೆಯುವ ಮುನ್ನ ಕೇಳುವುದು. ರೆಂಡರ್ ಆದಮೇಲೆ ಕೆಲಸ ಓಡಿಸುವ ಯೂಸ್‌ಎಫೆಕ್ಟ್‌ನಲ್ಲಿ ಇದಕ್ಕೆ ಜಾಗ ಸಿದ್ಧವಿದೆ. ಕ್ವೆರಿ ಬದಲಾದಾಗ ರಿಯಾಕ್ಟ್ ಮೊದಲು ಹಳೆಯ ಎಫೆಕ್ಟ್ ಹಿಂದಿರುಗಿಸಿದ್ದ ಕ್ಲೀನಪ್ ಫಂಕ್ಷನ್ ಓಡಿಸಿ, ಆಮೇಲೆ ಹೊಸ ಎಫೆಕ್ಟ್ ಓಡಿಸುತ್ತದೆ. ಎಫೆಕ್ಟ್‌ನ ಮೊದಲ ಸಾಲಿನಲ್ಲಿ ‘ಹಳತಾಯ್ತು’ ಎಂಬ ಲೆಟ್ ವೇರಿಯಬಲ್ ಇಟ್ಟು ಫಾಲ್ಸ್ ಕೊಡಿ. ಕ್ಲೀನಪ್‌ನಲ್ಲಿ ಅದನ್ನು ಟ್ರೂ ಮಾಡಿ. ಒಳಗಿನ ಪ್ರತಿಯೊಂದು ಅವೇಟ್ ಆದಮೇಲೂ ಅದು ಟ್ರೂ ಆಗಿದೆಯೇ ನೋಡಿ, ಆಗಿದ್ದರೆ ಸುಮ್ಮನೆ ಹಿಂದಿರುಗಿ. ಪ್ರತಿ ಎಫೆಕ್ಟ್‌ಗೂ ತನ್ನದೇ ‘ಹಳತಾಯ್ತು’ ಇರುವುದರಿಂದ ಒಂದರ ಗುರುತು ಇನ್ನೊಂದಕ್ಕೆ ತಾಗುವುದಿಲ್ಲ. ಮೊದಲ ಭಾಗದಲ್ಲಿ ಕಾಡಿದ ಕ್ಲೋಶರ್ (ಫಂಕ್ಷನ್ ತಾನು ಹುಟ್ಟಿದಾಗಿನ ವೇರಿಯಬಲ್‌ಗಳನ್ನು ಹಿಡಿದಿಟ್ಟುಕೊಳ್ಳುವುದು) ಇಲ್ಲಿ ನಿಮ್ಮ ಪರ ಕೆಲಸ ಮಾಡುತ್ತದೆ. ಎಫೆಕ್ಟ್‌ಗೆ ಕೊಡುವ ಫಂಕ್ಷನ್ನನ್ನೇ ಅಸಿಂಕ್ (ಒಳಗೆ ಅವೇಟ್ ಬಳಸಬಲ್ಲದ್ದು) ಮಾಡಬೇಡಿ. ಹಾಗೆ ಮಾಡಿದರೆ ಕ್ಲೀನಪ್ ಇರಬೇಕಾದ ಜಾಗದಲ್ಲಿ ಪ್ರಾಮಿಸ್ ಬಂದು ಕೂರುತ್ತದೆ. ಒಳಗೆ ಇನ್ನೊಂದು ಅಸಿಂಕ್ ಫಂಕ್ಷನ್ ಬರೆದು ಕರೆಯಿರಿ.

ಅದರ ಜೊತೆಗೆ ವಿನಂತಿ ರದ್ದು ಮಾಡುವ ಅಬಾರ್ಟ್‌ಕಂಟ್ರೋಲರ್. ಎಫೆಕ್ಟ್ ಒಳಗೆ ಹೊಸ ಕಂಟ್ರೋಲರ್ ಮಾಡಿ, ಅದರ ಸಿಗ್ನಲ್ಲನ್ನು ಫೆಚ್‌ಗೆ ಕೊಟ್ಟು, ಕ್ಲೀನಪ್‌ನಲ್ಲಿ ಅಬಾರ್ಟ್ ಕರೆಯಿರಿ. ಇದರಿಂದ ಬೇಡದ ಉತ್ತರ ಇಳಿಯುವುದು ನಿಲ್ಲುತ್ತದೆ. ಎಚ್‌ಟಿಟಿಪಿ 1.1ರಲ್ಲಿ ಒಂದು ಹೋಸ್ಟ್‌ಗೆ ಬ್ರೌಸರ್‌ಗಳು ಸಾಮಾನ್ಯವಾಗಿ ಆರು ಕನೆಕ್ಷನ್‌ಗಳನ್ನಷ್ಟೇ ತೆರೆಯುವುದರಿಂದ ಹಳೆಯ ವಿನಂತಿಗಳನ್ನು ಬಿಡಿಸುವುದು ಹೊಸದಕ್ಕೆ ದಾರಿ ಕೊಟ್ಟಂತೆಯೂ ಆಗುತ್ತದೆ. ಕಂಟ್ರೋಲರನ್ನು ಕಾಂಪೊನೆಂಟ್‌ಗೆ ಒಂದೇ ಎಂದು ರೆಫ್‌ನಲ್ಲಿ (ರೆಂಡರ್‌ಗಳ ನಡುವೆ ಉಳಿಯುವ ಡಬ್ಬಿಯಲ್ಲಿ) ಇಟ್ಟುಕೊಂಡು ಮರುಬಳಕೆ ಮಾಡುವವರನ್ನು ನೋಡಿದ್ದೇನೆ. ಒಮ್ಮೆ ಅಬಾರ್ಟ್ ಆದ ಸಿಗ್ನಲ್ ಮತ್ತೆ ಎಂದೂ ಚೇತರಿಸಿಕೊಳ್ಳುವುದಿಲ್ಲ, ಅದನ್ನು ಕೊಟ್ಟ ಮುಂದಿನ ಎಲ್ಲ ಫೆಚ್‌ಗಳೂ ಹುಟ್ಟುತ್ತಲೇ ಬೀಳುತ್ತವೆ. ಪ್ರತಿ ವಿನಂತಿಗೂ ಹೊಸ ಕಂಟ್ರೋಲರ್ ಬೇಕು.

ಅಬಾರ್ಟ್ ಇದ್ದಮೇಲೆ ‘ಹಳತಾಯ್ತು’ ಯಾಕೆ ಎಂದು ಕೇಳಬಹುದು. ಸಿಗ್ನಲ್ ತಲುಪುವುದು ಫೆಚ್‌ಗೆ ಮತ್ತು ಅದರ ಬಾಡಿ ಓದುವ ಹಂತಕ್ಕೆ ಮಾತ್ರ. ಅದಾದ ಮೇಲೆ ನೀವು ಬ್ರೌಸರ್‌ನೊಳಗಿನ ದತ್ತಸಂಗ್ರಹ ಇಂಡೆಕ್ಸ್ಡ್‌ಡಿಬಿಯಿಂದ ಏನಾದರೂ ಓದುತ್ತಿದ್ದರೆ, ಇನ್ನೊಂದು ಲೈಬ್ರರಿಯ ಪ್ರಾಮಿಸ್‌ಗೆ ಕಾಯುತ್ತಿದ್ದರೆ, ಅದಕ್ಕೆ ಈ ಸಿಗ್ನಲ್‌ನ ಸುದ್ದಿಯೇ ಇರುವುದಿಲ್ಲ. ತಪ್ಪು ತಡೆಯುವುದು ‘ಹಳತಾಯ್ತು’, ದುಂದು ತಡೆಯುವುದು ಅಬಾರ್ಟ್.

ಅಬಾರ್ಟ್ ಹಾಕಿದ ಕೂಡಲೇ ಎರಡು ಹೊಸ ದೋಷಗಳು ಹುಟ್ಟುತ್ತವೆ, ಇವನ್ನು ಬಹುಪಾಲು ಕೋಡ್‌ಗಳಲ್ಲಿ ಕಾಣಬಹುದು. ಅಬಾರ್ಟ್ ಆದ ಫೆಚ್ ಅಬಾರ್ಟ್‌ಎರರ್ ಎಸೆಯುತ್ತದೆ. ಅದನ್ನು ಬೇರ್ಪಡಿಸದಿದ್ದರೆ ಬಳಕೆದಾರರು ಪ್ರತಿ ಅಕ್ಷರ ಒತ್ತಿದಾಗಲೂ ‘ಏನೋ ತಪ್ಪಾಗಿದೆ’ ಎಂಬ ಕೆಂಪು ಪಟ್ಟಿ ಮಿಂಚಿ ಹೋಗುತ್ತದೆ. ಎರಡನೆಯದು ಇನ್ನೂ ನಾಜೂಕಿನದು: ಗೆದ್ದರೂ ಸೋತರೂ ಕೊನೆಗೆ ಓಡುವ ಫೈನಲಿ ಒಳಗೆ ‘ಸೆಟ್‌ಲೋಡಿಂಗ್(ಫಾಲ್ಸ್)’ ಬರೆದಿರುತ್ತೀರಿ. ಹೊಸ ಎಫೆಕ್ಟ್ ಲೋಡಿಂಗನ್ನು ಟ್ರೂ ಮಾಡಿದ ಮೇಲೆ, ಅಬಾರ್ಟ್ ಆದ ಹಳೆಯ ವಿನಂತಿಯ ಫೈನಲಿ ಓಡಿ ಅದನ್ನು ಫಾಲ್ಸ್ ಮಾಡುತ್ತದೆ. ಹೊಸ ವಿನಂತಿ ಇನ್ನೂ ದಾರಿಯಲ್ಲಿರುವಾಗಲೇ ಸ್ಪಿನ್ನರ್ ಮಾಯ, ‘ಫಲಿತಾಂಶ ಇಲ್ಲ’ ಎಂಬ ಸಾಲು ಪ್ರತ್ಯಕ್ಷ. ಕ್ಯಾಚ್‌ನಲ್ಲೂ ಫೈನಲಿಯಲ್ಲೂ ಮೊದಲ ಸಾಲು ‘ಹಳತಾಯ್ತು’ ತಪಾಸಣೆಯೇ ಆಗಿರಲಿ, ಎರಡೂ ಒಟ್ಟಿಗೆ ಹೋಗುತ್ತವೆ.

ಫೆಚ್ 404ಕ್ಕೂ 500ಕ್ಕೂ ಎರರ್ ಎಸೆಯುವುದಿಲ್ಲ ಎಂಬುದೂ ನೆನಪಿರಲಿ. ರೆಸ್ಪಾನ್ಸ್‌ನ ಓಕೆ ನೋಡಿ ನೀವೇ ಎಸೆಯಬೇಕು. ಸಮಯ ಮಿತಿ ಬೇಕಿದ್ದರೆ ಅಬಾರ್ಟ್‌ಸಿಗ್ನಲ್.ಟೈಮ್‌ಔಟ್ ಇದೆ, ಅದು ಎಸೆಯುವುದು ಟೈಮ್‌ಔಟ್‌ಎರರ್, ಅಬಾರ್ಟ್‌ಎರರ್ ಅಲ್ಲ. ನಿಮ್ಮ ಕಂಟ್ರೋಲರ್‌ನ ಸಿಗ್ನಲ್ ಜೊತೆ ಅದನ್ನು ಸೇರಿಸಲು ಅಬಾರ್ಟ್‌ಸಿಗ್ನಲ್.ಎನಿ. ಸಮಯ ಮೀರಿದ್ದನ್ನು ಬಳಕೆದಾರರಿಗೆ ತಿಳಿಸಬೇಕು, ನೀವೇ ರದ್ದು ಮಾಡಿದ್ದನ್ನು ತಿಳಿಸಬಾರದು. ಆದ್ದರಿಂದ ಈ ವ್ಯತ್ಯಾಸ ಉಪಯೋಗಕ್ಕೆ ಬರುತ್ತದೆ.

ವಿನಂತಿಯನ್ನು ಎಫೆಕ್ಟ್‌ನಿಂದಲ್ಲದೆ ಹ್ಯಾಂಡ್ಲರ್‌ನಿಂದಲೇ ಕಳಿಸುವ ಅಭ್ಯಾಸವಿದ್ದರೆ ಕ್ಲೀನಪ್ ಸಿಗುವುದಿಲ್ಲ. ಆಗ ರೆಫ್‌ನಲ್ಲಿ ಒಂದು ಕ್ರಮಸಂಖ್ಯೆ ಇಡಿ. ಹ್ಯಾಂಡ್ಲರ್ ಶುರುವಾಗುತ್ತಲೇ ಅದನ್ನು ಒಂದು ಏರಿಸಿ, ಏರಿದ ಸಂಖ್ಯೆಯನ್ನು ಲೋಕಲ್ ವೇರಿಯಬಲ್‌ಗೆ ಹಾಕಿಕೊಳ್ಳಿ, ಅವೇಟ್ ಆದಮೇಲೆ ರೆಫ್‌ನ ಸಂಖ್ಯೆ ಅದೇ ಇದೆಯೇ ನೋಡಿ. ಬಾಕ್ಸ್ ಖಾಲಿಯಾದಾಗ ‘ಏನೂ ಹುಡುಕಬೇಡ’ ಎಂದು ಮೊದಲೇ ಹಿಂದಿರುಗುವ ಸಾಲು ಇರುತ್ತದಲ್ಲ, ಸಂಖ್ಯೆ ಏರಿಸುವುದು ಅದಕ್ಕಿಂತ ಮೇಲಿರಬೇಕು. ಕೆಳಗಿದ್ದರೆ ದಾರಿಯಲ್ಲಿದ್ದ ಉತ್ತರ ಬಂದು ಖಾಲಿ ಬಾಕ್ಸಿನ ಕೆಳಗೆ ಪಟ್ಟಿ ಹರಡುತ್ತದೆ.

ಹಳೆಯ ಬರಹಗಳಲ್ಲಿ ಈಸ್‌ಮೌಂಟೆಡ್ ಎಂಬ ರೆಫ್ ಇಟ್ಟು, ಕಾಂಪೊನೆಂಟ್ ಇನ್ನೂ ಇದೆಯೇ ನೋಡಿ ಸೆಟ್ ಮಾಡಿ ಎಂಬ ಸಲಹೆ ಸಿಗುತ್ತದೆ. ಅದು 17ರವರೆಗೆ ಬರುತ್ತಿದ್ದ ಒಂದು ಎಚ್ಚರಿಕೆಯ ಬಾಯಿ ಮುಚ್ಚಿಸಲು ಹುಟ್ಟಿದ ಉಪಾಯ. ಆ ಎಚ್ಚರಿಕೆಯನ್ನೇ 18ರಲ್ಲಿ ತೆಗೆದಿದ್ದಾರೆ. ನಿಮ್ಮ ಸಮಸ್ಯೆಗೆ ಅದು ಆಗಿಬರುವುದೂ ಇಲ್ಲ, ಏಕೆಂದರೆ ‘ಕ’ದ ಉತ್ತರ ಬಂದಾಗ ಕಾಂಪೊನೆಂಟ್ ಜೀವಂತವಾಗಿಯೇ ಇದೆ, ಹಳತಾಗಿರುವುದು ಪ್ರಶ್ನೆ. ಅದೇ ರೀತಿ, ಸ್ಟ್ರಿಕ್ಟ್‌ಮೋಡ್‌ನಲ್ಲಿ ಎಫೆಕ್ಟ್ ಎರಡು ಸಲ ಓಡಿ ನೆಟ್‌ವರ್ಕ್ ಟ್ಯಾಬ್‌ನಲ್ಲಿ ಎರಡು ವಿನಂತಿ ಕಂಡರೆ ಗಾಬರಿಯಾಗಿ ಅದನ್ನು ತೆಗೆಯಬೇಡಿ. 18ರಿಂದ ಡೆವಲಪ್‌ಮೆಂಟ್‌ನಲ್ಲಿ ಮಾತ್ರ ನಡೆಯುವ ಈ ಎರಡನೇ ಓಟ ನಿಮ್ಮ ಕ್ಲೀನಪ್‌ನ ಪರೀಕ್ಷೆ. ಮೊದಲ ವಿನಂತಿ ರದ್ದಾಗಿ ಎರಡನೆಯದು ಮುಗಿದಿದ್ದರೆ ಪಾಸಾದಿರಿ.

ಲೋಡಿಂಗ್, ಡೇಟಾ, ಎರರ್ ಎಂದು ಮೂರು ಯೂಸ್‌ಸ್ಟೇಟ್ ಇದ್ದರೆ ಅವನ್ನು ಒಂದೇ ಮಾಡುವುದು ಒಳ್ಳೆಯದು: ‘ಸುಮ್ಮನಿದೆ’, ‘ತರುತ್ತಿದೆ’, ‘ಬಂತು’, ‘ಕೆಟ್ಟಿತು’ ಎಂಬ ನಾಲ್ಕು ಸ್ಥಿತಿಗಳಲ್ಲಿ ಒಂದು, ಅದರ ಜೊತೆ ಯಾವ ಕ್ವೆರಿಯದ್ದು ಎಂಬ ಗುರುತು. ಯೂಸ್‌ರಿಡ್ಯೂಸರ್ ಇದಕ್ಕೆ ಹೇಳಿ ಮಾಡಿಸಿದ್ದು. ಮೂರು ಬೇರೆ ಬೇರೆ ಸ್ಟೇಟ್‌ಗಳಿದ್ದಾಗ ‘ತರುತ್ತಲೂ ಇದೆ, ಕೆಟ್ಟೂ ಇದೆ’ ಎಂಬಂಥ ಅರ್ಥವಿಲ್ಲದ ಸ್ಥಿತಿ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಕ್ವೆರಿಯ ಗುರುತು ಇದ್ದರೆ ಹೊಸ ಉತ್ತರ ಬರುವವರೆಗೆ ಹಳೆಯ ಪಟ್ಟಿಯನ್ನು ಮಸುಕಾಗಿ ತೋರಿಸುತ್ತ ಇರಬಹುದು. ಪ್ರತಿ ಅಕ್ಷರಕ್ಕೂ ಪಟ್ಟಿ ಅಳಿಸಿ ಸ್ಪಿನ್ನರ್ ತೋರಿಸುವುದು ಕಣ್ಣಿಗೆ ಹಿಂಸೆ. ಈ ಯೋಚನೆಯನ್ನು ಮುಂದುವರಿಸಿ, ಪ್ರತಿ ಕ್ವೆರಿಯ ಉತ್ತರವನ್ನೂ ಅದರದೇ ಹೆಸರಿನ ಖಾನೆಯಲ್ಲಿ ಇಟ್ಟರೆ ಯಾವ ಉತ್ತರ ಯಾವಾಗ ಬಂದರೂ ಇನ್ನೊಂದರ ಮೇಲೆ ಕೂರಲು ಸಾಧ್ಯವೇ ಇಲ್ಲ. ಟ್ಯಾನ್‌ಸ್ಟ್ಯಾಕ್ ಕ್ವೆರಿ, ಎಸ್‌ಡಬ್ಲ್ಯೂಆರ್ ಎಂಬ ಲೈಬ್ರರಿಗಳು ಮಾಡುವುದು ಇದನ್ನೇ. ಇಂಥ ಕಾಂಪೊನೆಂಟ್ ಆಪ್‌ನಲ್ಲಿ ಮೂರಕ್ಕಿಂತ ಹೆಚ್ಚು ಕಡೆ ಇದ್ದರೆ ಕೈಯಿಂದ ಬರೆಯುವುದನ್ನು ಬಿಟ್ಟು ಅವುಗಳಲ್ಲೊಂದನ್ನು ಬಳಸಿ ಎಂದೇ ಹೇಳುತ್ತೇನೆ.

ಓದುವ ವಿನಂತಿಗೆ ಹೇಳಿದ್ದನ್ನು ಬರೆಯುವ ವಿನಂತಿಗೆ ಅನ್ವಯಿಸಬೇಡಿ. ‘ಉಳಿಸು’ ವಿನಂತಿಯನ್ನು ಅಬಾರ್ಟ್ ಮಾಡಿದರೆ ನಿಲ್ಲುವುದು ಬ್ರೌಸರ್ ಕಾಯುವುದು, ಅಷ್ಟೇ. ಸರ್ವರ್ ಆಗಲೇ ಬರೆದು ಮುಗಿಸಿರಬಹುದು. ಉತ್ತರಕ್ಕೆ ಕಾಯದೆ ಮೊದಲೇ ಪರದೆ ಬದಲಿಸುವ ಆಪ್ಟಿಮಿಸ್ಟಿಕ್ ವಿಧಾನದಲ್ಲಿ ಇನ್ನೊಂದು ಬಲೆ ಇದೆ. ವಿಫಲವಾದರೆ ಇರಲಿ ಎಂದು ಮೊದಲಿನ ಇಡೀ ಸೆಟ್ಟನ್ನು ತೆಗೆದಿಟ್ಟುಕೊಂಡು, ವಿಫಲವಾದಾಗ ಅದನ್ನೇ ವಾಪಸ್ ಇಡುತ್ತಾರೆ. ಆದರೆ ನಡುವೆ ಇನ್ನೊಂದು ಐಡಿ ಯಶಸ್ವಿಯಾಗಿ ಸೇರಿದ್ದರೆ ಅದೂ ಅಳಿಸಿಹೋಗುತ್ತದೆ. ಹಿಂದಿನ ಸ್ಥಿತಿಯನ್ನು ವಾಪಸ್ ಇಡಬೇಡಿ, ಆ ಒಂದು ಐಡಿಯನ್ನು ಮಾತ್ರ ತೆಗೆಯುವ ಅಪ್ಡೇಟರ್ ಫಂಕ್ಷನ್ ಕೊಡಿ. ಒಂದೇ ವಸ್ತುವಿನ ಮೇಲೆ ಉಳಿಸು, ತೆಗೆ, ಉಳಿಸು ಎಂದು ಒತ್ತಿದರೆ ಆ ಮೂರೂ ಸರದಿಯಲ್ಲೇ ಸರ್ವರ್ ತಲುಪಬೇಕು: ಹಿಂದಿನದರ ಉತ್ತರ ಬಂದಮೇಲೆ ಮುಂದಿನದನ್ನು ಕಳಿಸಿ. 2024ರ ಡಿಸೆಂಬರ್‌ನಲ್ಲಿ ಬಂದ ರಿಯಾಕ್ಟ್ 19ರ ಯೂಸ್‌ಆಕ್ಷನ್‌ಸ್ಟೇಟ್ ಈ ಸರದಿಯನ್ನು ತಾನೇ ಕಾಯುತ್ತದೆ, ಯೂಸ್‌ಆಪ್ಟಿಮಿಸ್ಟಿಕ್ ತಾತ್ಕಾಲಿಕ ಚಿತ್ರವನ್ನು ಆಕ್ಷನ್ ಮುಗಿದಾಗ ತಾನೇ ಬಿಡುತ್ತದೆ. 18ರಲ್ಲಿ ಇವನ್ನು ಕೈಯಾರೆ ಮಾಡಬೇಕು.

ಮುಂದೆ ಬೇರೆ ಫ್ರೇಮ್‌ವರ್ಕ್‌ಗೆ ಹೋದರೆ ಮೊದಲ ಭಾಗ ಬದಲಾಗುತ್ತದೆ. ವ್ಯೂನಲ್ಲಿ ರೆಫ್‌ಗೆ ಬರೆದ ಮರುಕ್ಷಣವೇ ಹೊಸ ಮೌಲ್ಯ ಓದಬಹುದು, ತಡವಾಗುವುದು ಡಾಮ್ ಮಾತ್ರ, ಅದಕ್ಕೆ ನೆಕ್ಸ್ಟ್‌ಟಿಕ್. ಲಿಟ್‌ನಲ್ಲಿ ಅಪ್ಡೇಟ್‌ಕಂಪ್ಲೀಟ್ ಎಂಬ ಪ್ರಾಮಿಸ್, ಸ್ವೆಲ್ಟ್‌ನಲ್ಲಿ ಟಿಕ್. ಉತ್ತರಗಳ ಸರದಿಯ ದೋಷ ಮಾತ್ರ ಎಲ್ಲೆಡೆಯೂ ಹೀಗೆಯೇ ಇರುತ್ತದೆ. ವ್ಯೂನ ವಾಚ್ ಕಾಲ್‌ಬ್ಯಾಕ್‌ಗೆ ಮೂರನೆಯ ಆರ್ಗ್ಯುಮೆಂಟ್ ಆಗಿ ಬರುವ ಆನ್‌ಕ್ಲೀನಪ್ ಇರುವುದೇ ಅದಕ್ಕೆ.

ಸರಿಪಡಿಸಿದಿರಿ, ಸರಿಯಾಯಿತೆಂದು ತಿಳಿಯುವುದು ಹೇಗೆ? ಡೆವ್‌ಟೂಲ್ಸ್‌ನಲ್ಲಿ ನೆಟ್‌ವರ್ಕ್ ನಿಧಾನ ಮಾಡಿದರೆ ಸಾಲದು. ಅದು ಎಲ್ಲ ವಿನಂತಿಗಳನ್ನೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಡೆಯುತ್ತದೆ, ಸರದಿ ಹಾಗೇ ಉಳಿಯುತ್ತದೆ. ನಕಲಿ ಸರ್ವರ್‌ನಲ್ಲಿ ಪದ ಚಿಕ್ಕದಿದ್ದಷ್ಟೂ ತಡ ಹೆಚ್ಚು ಮಾಡಿ: ಒಂದಕ್ಷರಕ್ಕೆ 2000 ಮಿಲಿಸೆಕೆಂಡು, ಮೂರಕ್ಷರಕ್ಕೆ 100. ಆಗ ‘ಕ’ ಒತ್ತಿ ಕೊಂಚ ತಡೆದು ‘ಕಮಲ’ ಮುಗಿಸಿದರೆ ಹಳೆಯ ಕೋಡ್ ಪ್ರತಿ ಸಲವೂ ಸಿಕ್ಕಿಬೀಳುತ್ತದೆ. ಟೆಸ್ಟ್‌ನಲ್ಲಾದರೆ ಟೈಮರ್ ಬೇಡ, ನೀವೇ ಬೇಕಾದಾಗ ಬಿಡಿಸುವ ಎರಡು ಪ್ರಾಮಿಸ್ ಸಾಕು. ಎರಡನೆಯದನ್ನು ಮೊದಲು ಬಿಡಿಸಿ, ‘ಕಮಲ’ದ ಪಟ್ಟಿ ಬಂತೆಂದು ಖಚಿತಪಡಿಸಿಕೊಳ್ಳಿ. ಆಮೇಲೆ ಮೊದಲನೆಯದನ್ನು ಬಿಡಿಸಿ. ಇಲ್ಲೊಂದು ಮೋಸವಿದೆ: ಬಿಡಿಸಿದ ತಕ್ಷಣ ‘ಇನ್ನೂ ಕಮಲವೇ ಇದೆ’ ಎಂದು ನೋಡಿದರೆ ದೋಷವಿರುವ ಕೋಡ್ ಕೂಡ ಪಾಸಾಗುತ್ತದೆ, ಏಕೆಂದರೆ ತಪ್ಪು ಬರಹ ಇನ್ನೂ ಮೈಕ್ರೊಟಾಸ್ಕ್ ಸಾಲಿನಲ್ಲೇ ಇರುತ್ತದೆ. ಬಿಡಿಸುವುದನ್ನು ಅಸಿಂಕ್ ಆ್ಯಕ್ಟ್ (ಬಾಕಿ ಬದಲಾವಣೆಗಳನ್ನು ಮುಗಿಸುವ, ರಿಯಾಕ್ಟ್‌ನ ಟೆಸ್ಟ್ ಫಂಕ್ಷನ್) ಒಳಗಿಟ್ಟು, ಅದಕ್ಕೆ ಅವೇಟ್ ಹಾಕಿ, ಅದಾದ ಮೇಲೆ ನೋಡಿ. ಇಷ್ಟರ ಮೇಲೆ ‘ಹಳತಾಯ್ತು’ ತಪಾಸಣೆಯ ಸಾಲನ್ನು ಒಮ್ಮೆ ಕಾಮೆಂಟ್ ಮಾಡಿ ಟೆಸ್ಟ್ ಓಡಿಸಿ. ನಕಲಿ ಪ್ರಾಮಿಸ್‌ಗಳು ಸಿಗ್ನಲ್‌ಗೆ ಕಿವಿಗೊಡುವುದಿಲ್ಲವಾದ್ದರಿಂದ ಟೆಸ್ಟ್ ಬೀಳಲೇಬೇಕು. ಬೀಳದಿದ್ದರೆ ಸರಿಪಡಿಸಬೇಕಾದ್ದು ಟೆಸ್ಟನ್ನು.